ತೀರ್ಪು ಕೊಡುವ ಮುನ್ನ

ಆಳುವವರ ನಡೆಯನ್ನು ಅಳೆಯುವುದು ಪ್ರಜೆಗಳ ಹಕ್ಕು. ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಅಳೆಯುವ ಕೋಲು ಯಾವುದು, ಅದನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಅದರಲ್ಲಿಯೂ ಭಯೋತ್ಪಾದಕರ ದಾಳಿಯ ನಂತರ ಸರಕಾರ ಕೈಗೊಂಡ ನಿರ್ಧಾರಗಳನ್ನು ಅಳೆಯುವಾಗ ದುಃಖ, ಕೋಪ, ಪಕ್ಷಾಭಿಮಾನ ಈ ಮೂರೂ ಸೇರಿ ಕೋಲನ್ನೇ ಬಗ್ಗಿಸಿಬಿಡುತ್ತವೆ. ಮುಂಬಯಿಯಲ್ಲಿ ಬಾಳುವ ನಮಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. 1993ರ ಮಾರ್ಚ್ 12, 2006ರ ಜುಲೈ 11, 2008ರ ನವೆಂಬರ್ 26 ಈ ತಾರೀಖುಗಳನ್ನು ಈ ನಗರದಲ್ಲಿ ಯಾರೂ ಪಂಚಾಂಗ ನೋಡಿ ನೆನೆಯಬೇಕಾಗಿಲ್ಲ.

ಮೊದಲು ಮುಂಬಯಿಯ ಹೊರಗಿನ ಒಂದು ಉದಾಹರಣೆಯನ್ನು ನೋಡೋಣ. 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ದಿಲ್ಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಐವರು ಅಪಹರಿಸಿದರು. ವಿಮಾನ ಅಮೃತಸರದಲ್ಲಿ ಇಳಿದು ಸುಮಾರು ಮುಕ್ಕಾಲು ಗಂಟೆ ನಮ್ಮ ನೆಲದ ಮೇಲೆಯೇ ನಿಂತಿತ್ತು. ಆಮೇಲೆ ಹಾರಿ, ಲಾಹೋರ್, ದುಬೈಗಳ ಮೂಲಕ, ಅಂದು ತಾಲಿಬಾನರ ಕೈಯಲ್ಲಿದ್ದ ಕಂದಹಾರವನ್ನು ಸೇರಿತು. ಅಷ್ಟರಲ್ಲಿ ಒಬ್ಬ ಪ್ರಯಾಣಿಕರ ಕೊಲೆಯಾಗಿತ್ತು. ದಿಲ್ಲಿಯಲ್ಲಿ ಪ್ರಯಾಣಿಕರ ಬಂಧುಗಳು ಪ್ರಧಾನಿಗಳ ನಿವಾಸದ ಬಳಿ ಸೇರಿ, ಕೇಳಿದ್ದನ್ನು ಕೊಟ್ಟು ನಮ್ಮವರನ್ನು ಬಿಡಿಸಿರೆಂದು ಕಣ್ಣೀರಿಟ್ಟರು. ಡಿಸೆಂಬರ್ 31ರಂದು ಮಸೂದ್ ಅಜರ್ ಸೇರಿದಂತೆ ಮೂವರು ಉಗ್ರರನ್ನು ಬಿಟ್ಟು ಸರಕಾರ ಉಳಿದವರನ್ನು ಮನೆಗೆ ತಂದಿತು. ದೇಶ ನಿಟ್ಟುಸಿರು ಬಿಟ್ಟಿತು.

ಮರುವರ್ಷವೇ ಮಸೂದ್ ಅಜರ್ ಜೈಶ್-ಎ-ಮೊಹಮ್ಮದ್ ಸಂಘಟನೆಯನ್ನು ಕಟ್ಟಿದ. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ನಡೆದ ದಾಳಿಯಲ್ಲಿ ಆ ಸಂಘಟನೆಯ ಹೆಸರು ಕೇಳಿಬಂತು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಮಂದಿ ಸಿ.ಆರ್.ಪಿ.ಎಫ್. ಜವಾನರನ್ನು ಕೊಂದ ದಾಳಿಯ ಹೊಣೆಯನ್ನು ಅದೇ ಹೊತ್ತುಕೊಂಡಿತು. ಒಂದೊಂದು ದಾಳಿ ನಡೆದಾಗಲೂ ಕಂದಹಾರದ ನಿರ್ಧಾರದ ಬಣ್ಣ ಇನ್ನಷ್ಟು ಕಪ್ಪಾಯಿತು. 'ಬಿಡಿಸಿರಿ' ಎಂದಿದ್ದ ದೇಶವೇ 'ಬಿಟ್ಟದ್ದು ಹೇಡಿತನ' ಎಂದಿತು. ನಿರ್ಧಾರ ಅದೇ, ಅದನ್ನು ಕೈಗೊಂಡವರೂ ಅವರೇ. ಬದಲಾದದ್ದು ಆನಂತರ ನಡೆದ ಸಂಗತಿ ಮಾತ್ರ. ಹಾಗಾದರೆ ಒಂದು ನಿರ್ಧಾರದ ಸರಿತಪ್ಪು ಅದಾದ ಎರಡು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ನಿಶ್ಚಯವಾಗುವಂಥದೆ?

ಕೇಂದ್ರ ಸರಕಾರದ ಕಛೇರಿಯಲ್ಲಿ ಕಡತಗಳ ನಡುವೆ ಆಯುಷ್ಯ ಕಳೆಯುವ ನಮ್ಮಂಥ ಗುಮಾಸ್ತರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಡತದ ಟಿಪ್ಪಣಿಗಳನ್ನು ಮೊದಲ ಹಾಳೆಯಿಂದ ಓದುತ್ತ ಬಂದರೆ ಒಂದು ಕಥೆ. ಕೊನೆಯ ಹಾಳೆಯಿಂದ ಹಿಂದಕ್ಕೆ ಓದಿದರೆ ಬೇರೆಯೇ ಕಥೆ. ಹಿಂದಿನಿಂದ ಓದುವವನಿಗೆ ಪ್ರತಿಯೊಂದು ರುಜುವೂ ಮೂರ್ಖತನವಾಗಿ ಕಾಣುತ್ತದೆ. ಏಕೆಂದರೆ ಕೊನೆ ಏನಾಯಿತೆಂಬುದು ಅವನಿಗೆ ತಿಳಿದಿದೆ, ರುಜು ಮಾಡಿದವನಿಗೆ ತಿಳಿದಿರಲಿಲ್ಲ. ನ್ಯಾಯವಾಗಿ ಓದಬೇಕಾದರೆ ಆ ತಾರೀಖಿನಂದು ಮೇಜಿನ ಮೇಲೆ ಯಾವ ಕಾಗದಗಳಿದ್ದವು, ಯಾವ ಯಾವ ದಾರಿಗಳು ತೆರೆದಿದ್ದವು, ಯಾರು ಯಾವ ಎಚ್ಚರಿಕೆಯನ್ನು ಬರೆದಿಟ್ಟಿದ್ದರು ಎಂಬುದನ್ನು ನೋಡಬೇಕು.

ಹಾಗೆಂದ ಮಾತ್ರಕ್ಕೆ ಫಲವನ್ನು ನೋಡಲೇಬಾರದೆ? ಫಲದ ಮೇಲೆ ಕಣ್ಣಿಡಬೇಡವೆಂದು ಗೀತೆ ಬೋಧಿಸಿದ್ದು ಕರ್ಮ ಮಾಡುವವನಿಗೆ. ಕೋಟ್ಯಂತರ ಜನರ ಪ್ರಾಣಕ್ಕೆ ಹೊಣೆಯಾದವನು ಅದನ್ನು ನೆಪಮಾಡಿಕೊಂಡು 'ನಾನು ಸದ್ಭಾವದಿಂದ ಮಾಡಿದೆ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಕೊನೆಗೆ ಏನಾಯಿತು' ಎಂಬುದಲ್ಲ, 'ಏನಾಗಬಹುದೆಂದು ಅಂದೇ ಊಹಿಸಬಹುದಾಗಿತ್ತು' ಎಂಬುದು. ಕಂದಹಾರದ ವಿಷಯದಲ್ಲಿ ಅಪಾಯ ಗೊತ್ತೇ ಇತ್ತು. 1989ರ ಡಿಸೆಂಬರಿನಲ್ಲಿ ಅಂದಿನ ಗೃಹಮಂತ್ರಿಗಳ ಮಗಳನ್ನು ಬಿಡಿಸಲು ಐವರು ಉಗ್ರರನ್ನು ಬಿಟ್ಟದ್ದರಿಂದ ಕಾಶ್ಮೀರದ ಉಗ್ರರಿಗೆ ಎಷ್ಟು ಉಮೇದು ಬಂತೆಂಬುದನ್ನು ದೇಶ ಕಂಡಿತ್ತು. 1999ರಲ್ಲಿ ಜಮ್ಮು-ಕಾಶ್ಮೀರದ ಮುಖ್ಯಮಂತ್ರಿಗಳಾಗಿದ್ದ ಫಾರೂಕ್ ಅಬ್ದುಲ್ಲಾ ಅವರು ಈ ಬಿಡುಗಡೆಯನ್ನು ಬಲವಾಗಿ ವಿರೋಧಿಸಿದ್ದರು.

ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದೂವರೆ ನೂರಕ್ಕೂ ಹೆಚ್ಚು ಜೀವಗಳಿದ್ದವು. ಅವರಿಗೆ ಹೆಸರಿತ್ತು, ಮುಖವಿತ್ತು, ಹೊರಗೆ ಅಳುವ ಬಂಧುಗಳಿದ್ದರು. ಇನ್ನೊಂದು ತಟ್ಟೆಯಲ್ಲಿದ್ದವರು ಮುಂದೆಂದೋ ಸಾಯಬಹುದಾದವರು; ಅವರಿಗೆ ಇನ್ನೂ ಹೆಸರಿರಲಿಲ್ಲ, ಅವರ ಪರವಾಗಿ ಅಳುವವರೂ ಇರಲಿಲ್ಲ. ಹೆಸರಿಲ್ಲದ ಜೀವಕ್ಕೆ ಬೆಲೆ ಕಡಿಮೆಯೆಂದು ಯಾವ ನೀತಿಶಾಸ್ತ್ರವೂ ಹೇಳದು. ಆದರೆ ಕಣ್ಣೆದುರಿಗೆ ನಿಶ್ಚಿತವಾಗಿರುವ ಸಾವನ್ನು, ಅನಿಶ್ಚಿತವಾದ ಸಾವಿಗಾಗಿ ಒಪ್ಪಿಕೊಳ್ಳಿರೆಂದು ಆ ಬಂಧುಗಳಿಗೆ ಹೇಳುವ ಎದೆ ನಮ್ಮಲ್ಲಿ ಎಷ್ಟು ಜನಕ್ಕಿತ್ತು? ನಮ್ಮ ಅಭಿಪ್ರಾಯದಲ್ಲಿ, ವಿಮಾನ ಕಂದಹಾರ ಸೇರಿದ ಮೇಲೆ ಒಳ್ಳೆಯ ದಾರಿ ಯಾವುದೂ ಉಳಿದಿರಲಿಲ್ಲ. ಅಮೃತಸರದಲ್ಲಿ ಉಳಿದಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಯಾರು ಆಜ್ಞೆ ಕೊಡಬೇಕು, ಯಾರು ವಿಮಾನವನ್ನು ತಡೆಯಬೇಕು ಎಂಬುದೇ ಸ್ಪಷ್ಟವಾಗಿರಲಿಲ್ಲ. ಕಮಾಂಡೋಗಳು ತಲುಪುವ ಮೊದಲೇ ವಿಮಾನ ಹಾರಿಹೋಗಿತ್ತು. ಆದುದರಿಂದ ತಪ್ಪನ್ನು ಡಿಸೆಂಬರ್ 31ರ ಲೆಕ್ಕಕ್ಕೆ ಬರೆಯದೆ 24ರ ಲೆಕ್ಕಕ್ಕೆ, ಅದಕ್ಕೂ ಹಿಂದಿನ ಸಿದ್ಧತೆಯಿಲ್ಲದ ವರ್ಷಗಳ ಲೆಕ್ಕಕ್ಕೆ ಬರೆಯುವುದು ನ್ಯಾಯ.

ಇನ್ನು ನಮ್ಮ ನಗರಕ್ಕೆ ಬರೋಣ. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ರಬ್ಬರ್ ದೋಣಿಯಲ್ಲಿ ಬಂದು ಕೊಲಾಬಾದ ದಡದಲ್ಲಿ ಇಳಿದರು. 29ರ ಬೆಳಗಿನೊಳಗೆ 166 ಮಂದಿ ಸತ್ತರು. ಹೇಮಂತ ಕರ್ಕರೆ, ತುಕಾರಾಮ ಓಂಬಳೆ ಮುಂತಾದ ಪೊಲೀಸರೂ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರೂ ಪ್ರಾಣ ತೆತ್ತರು. ಪಾಕಿಸ್ತಾನದ ಮೇಲೆ ಕೂಡಲೇ ದಾಳಿ ಮಾಡಬೇಕೆಂಬ ಕೂಗು ಎದ್ದಿತು. ಮನಮೋಹನ ಸಿಂಗ್ ಅವರ ಸರಕಾರ ದಾಳಿ ಮಾಡಲಿಲ್ಲ. ಲೋಕದ ಮುಂದೆ ಪುರಾವೆಗಳನ್ನಿಟ್ಟಿತು, ಸೆರೆಸಿಕ್ಕ ಕಸಾಬನನ್ನು ನ್ಯಾಯಾಲಯದ ಮುಂದೆ ನಿಲ್ಲಿಸಿತು. ಸುಪ್ರೀಂ ಕೋರ್ಟಿನವರೆಗೂ ವಿಚಾರಣೆ ನಡೆದು 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಅವನಿಗೆ ಗಲ್ಲಾಯಿತು. ಆದರೆ ಸಂಚಿನ ಹಿಂದಿದ್ದವರಿಗೆ ಪಾಕಿಸ್ತಾನದಲ್ಲಿ ತಕ್ಕ ಶಿಕ್ಷೆ ಆಗಲಿಲ್ಲ.

ಈ ಸಂಯಮ ವಿವೇಕವೋ ದೌರ್ಬಲ್ಯವೋ? ಅಂದು ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಶಿವಶಂಕರ ಮೆನನ್ ಅವರು 2016ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ, ಆ ದಿನಗಳಲ್ಲಿ ತಾವು ಪ್ರತಿದಾಳಿಯ ಪರವಾಗಿದ್ದುದನ್ನೂ, ಆಮೇಲೆ ಯೋಚಿಸಿದಾಗ ದಾಳಿ ಮಾಡದ್ದೇ ಸರಿಯೆಂದು ತಮಗೆ ತೋರಿದ್ದನ್ನೂ ಬರೆದಿದ್ದಾರೆ. ಎಲ್ಲ ಕಾಗದಗಳನ್ನು ಕಂಡವರಿಗೇ ಹೀಗೆ ಎರಡು ಮನಸ್ಸಾದರೆ, ಟೀವಿಯ ಮುಂದೆ ಕುಳಿತವರ ಖಚಿತ ತೀರ್ಪಿಗೆ ಎಷ್ಟು ತೂಕ ಕೊಡಬೇಕು? ಪ್ರಯೋಗಶಾಲೆಯಲ್ಲಿ ಒಂದೇ ಪ್ರಯೋಗವನ್ನು ಎರಡು ಬಗೆಯಾಗಿ ಮಾಡಿ ಹೋಲಿಸಬಹುದು. 2008ರ ಡಿಸೆಂಬರ್ ತಿಂಗಳು ಎರಡು ಸಲ ಬರಲಾರದು.

ದಾಳಿ ಮಾಡದ ನಿರ್ಧಾರಕ್ಕೆ ಬೆಲೆಯಿರುವಂತೆ, ಬಲ ತೋರಿಸುವ ನಿರ್ಧಾರಕ್ಕೂ ಬೆಲೆಯಿದೆ. ಸಂಸತ್ತಿನ ಮೇಲಿನ ದಾಳಿಯ ನಂತರ ಸುಮಾರು ಹತ್ತು ತಿಂಗಳು ಸೇನೆಯನ್ನು ಗಡಿಯಲ್ಲಿ ನಿಲ್ಲಿಸಿದ 'ಆಪರೇಷನ್ ಪರಾಕ್ರಮ್'ದಲ್ಲಿ ಯುದ್ಧವೇ ನಡೆಯಲಿಲ್ಲ. ಆದರೂ ನೆಲಬಾಂಬುಗಳಿಂದ, ಅಪಘಾತಗಳಿಂದ ನೂರಾರು ಯೋಧರು ತೀರಿಕೊಂಡರು. ಬಾಲಾಕೋಟ್ ದಾಳಿಯ ಮರುದಿನ, 2019ರ ಫೆಬ್ರವರಿ 27ರಂದು, ನಮ್ಮದೇ ಕ್ಷಿಪಣಿ ಬಡಗಾಮದಲ್ಲಿ ನಮ್ಮದೇ ಹೆಲಿಕಾಪ್ಟರನ್ನು ಉರುಳಿಸಿ ವಾಯುಪಡೆಯ ಆರು ಮಂದಿಯನ್ನೂ ನೆಲದ ಮೇಲಿದ್ದ ಒಬ್ಬ ನಾಗರಿಕನನ್ನೂ ಬಲಿತೆಗೆದುಕೊಂಡಿತು. ಇದನ್ನು ಹೇಳುವುದು ಆ ನಿರ್ಧಾರಗಳೆಲ್ಲ ತಪ್ಪೆಂದು ತೋರಿಸಲಿಕ್ಕಲ್ಲ. ಖರ್ಚಿನ ಬಾಬತ್ತನ್ನು ಬಿಟ್ಟು ಬರೆದ ಲೆಕ್ಕ ಲೆಕ್ಕವೇ ಅಲ್ಲ ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ 2008ರಲ್ಲಿ ಸರಕಾರದ ತಪ್ಪು ಏನೂ ಇರಲಿಲ್ಲವೆ? ಖಂಡಿತ ಇತ್ತು. ಅದು ಇದ್ದದ್ದು ನವೆಂಬರ್ 26ಕ್ಕೆ ಮೊದಲು. 257 ಮಂದಿಯನ್ನು ಕೊಂದ 1993ರ ಸ್ಫೋಟಗಳ ಸಾಮಗ್ರಿ ಕೊಂಕಣದ ದಡದಲ್ಲಿ ಇಳಿದದ್ದೆಂದು ಹದಿನೈದು ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು. ಕಡಲ ದಾರಿ ತೆರೆದಿದೆಯೆಂಬುದು ಊಹೆಯ ಮಾತಾಗಿರಲಿಲ್ಲ. 2005ರಲ್ಲಿ ಕರಾವಳಿ ರಕ್ಷಣೆಯ ಯೋಜನೆಯೊಂದು ಮಂಜೂರಾಗಿದ್ದರೂ ಅದು ಕಾಗದದಲ್ಲಿದ್ದಷ್ಟು ಕಡಲಿನಲ್ಲಿರಲಿಲ್ಲ. ದಿಲ್ಲಿಯ ಹತ್ತಿರದ ಮಾನೇಸರದಿಂದ ಎನ್‌ಎಸ್‌ಜಿ ಕಮಾಂಡೋಗಳು ಇಲ್ಲಿಗೆ ಬಂದಾಗ ಬೆಳಗಾಗಿತ್ತು. ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಅವರ ನೆಲೆಗಳಾದದ್ದು 2009ರಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಂಥ ಕಡೆ ಸಲ್ಲುತ್ತದೆ. ಕೇಂದ್ರದ ಗೃಹಮಂತ್ರಿ, ರಾಜ್ಯದ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಮೂವರೂ ರಾಜೀನಾಮೆ ಕೊಟ್ಟರು, ನಿಜ. ಅವರಲ್ಲೊಬ್ಬರು ವರ್ಷದೊಳಗಾಗಿ ಮತ್ತೆ ರಾಜ್ಯದ ಗೃಹಖಾತೆಗೆ ಮರಳಿದರು. ಕುರ್ಚಿ ಖಾಲಿಮಾಡಿಸಿದ ಮಾತ್ರಕ್ಕೆ ಹೊಣೆಗಾರಿಕೆ ಸ್ಥಾಪನೆಯಾಗುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಭದ್ರತೆಯ ಬೆಲೆಯನ್ನು ಯಾರ ಕೈಯಿಂದ ವಸೂಲು ಮಾಡುತ್ತೇವೆ? 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಮಂದಿ ಸತ್ತರು. ದುಡಿದು ದಣಿದು ಬೋರಿವಲಿ, ಮೀರಾ ರೋಡ್, ವಸಯಿ, ವಿರಾರ್‌ಗಳಿಗೆ ಮರಳುವವರ ಗಾಡಿಗಳವು. ನಮ್ಮ ಓದುಗರಲ್ಲಿ ಅನೇಕರು ದಿನವೂ ಹತ್ತುವ ಗಾಡಿಗಳು. ತಪ್ಪಿತಸ್ಥರು ಬೇಗ ಸಿಗಬೇಕೆಂದು ನಗರ ಕೇಳಿತು, ಕೇಳಿದ್ದು ಸಹಜ. ಹನ್ನೆರಡು ಮಂದಿಗೆ 2015ರಲ್ಲಿ ಶಿಕ್ಷೆಯಾಯಿತು, ಅವರಲ್ಲಿ ಐವರಿಗೆ ಮರಣದಂಡನೆ. 2025ರ ಜುಲೈ 21ರಂದು ಮುಂಬಯಿ ಉಚ್ಚ ನ್ಯಾಯಾಲಯ, ಆರೋಪ ಸಾಬೀತಾಗಿಲ್ಲವೆಂದು ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಯ ಮಾತು ಏನೇ ಬರಲಿ, ಹತ್ತೊಂಬತ್ತು ವರ್ಷಗಳ ಮೇಲೆ ಇಂಥ ತೀರ್ಪು ಬಂದಾಗ ಎರಡು ಕಡೆಯವರಿಗೆ ನಷ್ಟ: ಯೌವನವನ್ನು ಜೈಲಿನಲ್ಲಿ ಕಳೆದವರಿಗೆ, ಮತ್ತು ತಮ್ಮವರನ್ನು ಕೊಂದವರು ಯಾರೆಂಬ ಉತ್ತರ ಇನ್ನೂ ಸಿಗದ ಮನೆಗಳಿಗೆ. ನಮ್ಮ ಭಯದ ಬೆಲೆಯನ್ನು ಬೇರೆ ಯಾರೋ ಕೊಡುತ್ತಿರುವಾಗ ಆ ಬೆಲೆ ನಮಗೆ ಅಗ್ಗವಾಗಿ ಕಾಣುವುದು ಮನುಷ್ಯ ಸ್ವಭಾವ. ಕಠಿಣ ಕಾಯಿದೆಗೆ ಕೈಯೆತ್ತುವ ಮುನ್ನ, ಅದು ನಮ್ಮ ಮನೆಯ ಹುಡುಗನ ಮೇಲೆ ತಪ್ಪಾಗಿ ಪ್ರಯೋಗವಾದರೂ ಒಪ್ಪುತ್ತೇವೆಯೇ ಎಂದು ಕೇಳಿಕೊಳ್ಳಬೇಕು.

ಕಡೆಯದಾಗಿ ಪಕ್ಷದ ಮಾತು. ಕಂದಹಾರ ಒಂದು ಪಕ್ಷದ ಕಾಲದಲ್ಲಿ, ಮುಂಬಯಿ ಇನ್ನೊಂದರ ಕಾಲದಲ್ಲಿ ನಡೆದದ್ದರಿಂದ ಒಬ್ಬರು ಇದನ್ನು, ಇನ್ನೊಬ್ಬರು ಅದನ್ನು ಎತ್ತಿ ಆಡುವುದು ರೂಢಿಯಾಗಿದೆ. ಉರಿಯುವ ಮನೆಯ ಗಳ ಹಿರಿಯುವವರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ನಾವು ಮಾಡಿಕೊಳ್ಳಬಹುದಾದ ಪರೀಕ್ಷೆ ಸುಲಭವಾದದ್ದು: ಹೆಸರುಗಳನ್ನು ಅದಲುಬದಲು ಮಾಡಿ ನೋಡುವುದು. ಇದೇ ಕೆಲಸವನ್ನು ಆ ಪಕ್ಷದವರು ಮಾಡಿದ್ದರೆ ನಮ್ಮ ಮಾತು ಇದೇ ಆಗಿರುತ್ತಿತ್ತೆ? 2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ 26 ಮಂದಿ ಹತರಾದರು. ಅವರಲ್ಲಿ ಕನ್ನಡಿಗರೂ ಇದ್ದರು. ಮೇ 7ರಂದು ಸರಕಾರ ಪ್ರತಿದಾಳಿ ನಡೆಸಿತು, 10ರಂದು ಕದನ ನಿಂತಿತು. ಹೊಡೆದದ್ದು ಸರಿಯೆ, ನಿಲ್ಲಿಸಿದ್ದು ಸರಿಯೆ ಎಂಬ ಬಗ್ಗೆ ಮಾತಿನ ಪ್ರವಾಹವೇ ಹರಿಯಿತು. ಆದರೆ ಅಷ್ಟು ಪ್ರವಾಸಿಗಳು ಸೇರುವ ಆ ಹುಲ್ಲುಗಾವಲಿನಲ್ಲಿ ಕಾವಲು ಏಕಿರಲಿಲ್ಲ ಎಂಬ ಪ್ರಶ್ನೆಗೆ ಅಷ್ಟು ದನಿ ಇರಲಿಲ್ಲ.

ಪ್ರಜೆಗಳಿಗೆ ರಹಸ್ಯ ಕಡತ ಸಿಗುವುದಿಲ್ಲವಲ್ಲ, ಮೊದಲ ಹಾಳೆಯಿಂದ ಓದುವುದು ಹೇಗೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಒಂದು ನಿದರ್ಶನ ನಮ್ಮಲ್ಲೇ ಇದೆ. 1999ರ ಕಾರ್ಗಿಲ್ ಯುದ್ಧ ಮುಗಿದ ಕೂಡಲೇ ವಾಜಪೇಯಿ ಅವರ ಸರಕಾರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಒಂದು ಪರಿಶೀಲನಾ ಸಮಿತಿಯನ್ನು ನೇಮಿಸಿತು. ಸೂಕ್ಷ್ಮವಾದ ಭಾಗಗಳನ್ನು ತೆಗೆದು ಅದರ ವರದಿಯನ್ನು 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಗೂಢಚರ್ಯೆಯ ಕುಂದುಗಳನ್ನು ಅದು ಮುಚ್ಚಿಡಲಿಲ್ಲ; ಅದರಿಂದ ದೇಶದ ಭದ್ರತೆಗೆ ಕುಂದೂ ಬರಲಿಲ್ಲ. 2008ರಲ್ಲಿ ಮಹಾರಾಷ್ಟ್ರ ಸರಕಾರ ಪ್ರಧಾನ್ ಸಮಿತಿಯನ್ನು ನೇಮಿಸಿತಾದರೂ ಅದರ ಕೆಲಸ ರಾಜ್ಯದ ಪೊಲೀಸು ವ್ಯವಸ್ಥೆಯ ಮಟ್ಟಿಗೆ ಸೀಮಿತವಾಗಿತ್ತು.

ದಾಳಿಯಾದ ಪ್ರತಿಯೊಂದು ಸಲವೂ, ಯಾವ ಪಕ್ಷ ಅಧಿಕಾರದಲ್ಲಿದ್ದರೂ, ಕಾರ್ಗಿಲ್ ಸಮಿತಿಯಂಥ ವರದಿ ಗೊತ್ತಾದ ಅವಧಿಯೊಳಗೆ ಸಂಸತ್ತಿಗೆ ಬರಬೇಕೆಂದು ಕೇಳುವುದು ನಮ್ಮ ಕೆಲಸ. ದಾಳಿ ಮಾಡಿರೆಂದು ಕೂಗುವುದಕ್ಕಿಂತ, ರಾಜೀನಾಮೆ ಕೊಡಿರೆಂದು ಕೂಗುವುದಕ್ಕಿಂತ ಇದು ಸಪ್ಪೆಯಾದ ಬೇಡಿಕೆ. ಆದರೆ ಮುಂದಿನ ದಾಳಿಯಲ್ಲಿ ಸಾಯಬಹುದಾದ, ಇನ್ನೂ ಹೆಸರಿಲ್ಲದ ಆ ಜೀವಗಳಿಗೆ ಉಪಯೋಗವಾಗುವ ಬೇಡಿಕೆ ಇದೊಂದೇ ಎಂದು ನಮಗೆ ತೋರುತ್ತದೆ.