ಲಾಯದಲ್ಲೇ ಉಳಿದ ಕುದುರೆ

ರೇಸ್ ಇರುವ ದಿನ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ಸಣ್ಣಕ್ಷರದ ಪಟ್ಟಿಯೊಂದು ಬರುತ್ತದೆ. ಕುದುರೆಯ ಹೆಸರು, ಹೊರಬೇಕಾದ ತೂಕ, ಜಾಕಿ, ಟ್ರೇನರ್. ನಮ್ಮ ದಾವಣಗೆರೆ ಜಿಲ್ಲೆಯ ಸೊಕ್ಕೆ ಕಡೆ ಚಹಾದಂಗಡಿಯಲ್ಲಿ ಪೇಪರ್ ಹರಡಿಕೊಂಡವರು ಮೆಕ್ಕೆಜೋಳದ ಧಾರಣೆ ನೋಡುತ್ತಾರೆ, ಭದ್ರಾ ಮೇಲ್ದಂಡೆ ನೀರು ಎಲ್ಲಿವರೆಗೆ ಬಂತು ಎಂದು ಹುಡುಕುತ್ತಾರೆ, ಆ ಪಟ್ಟಿಯ ಮೇಲೆ ಲೋಟ ಇಡುತ್ತಾರೆ. ತಪ್ಪೇನಿಲ್ಲ. ಬೆಂಗಳೂರಿಗೆ ದುಡಿಯಲು ಹೋಗಿ ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಬರಿಗೈಲಿ ಬಂದವರ ಕಥೆ ಊರೂರಲ್ಲೂ ಸಿಗುತ್ತದೆ. ಬಾಜಿಯ ಪರ ವಕಾಲತ್ತು ವಹಿಸಲು ನಾನೂ ತಯಾರಿಲ್ಲ. ಆದರೆ ಆ ಪಟ್ಟಿಯಲ್ಲಿ ಟ್ರೇನರ್ ಎಂದು ಅಚ್ಚಾಗುವ ಹೆಸರಿನ ಹಿಂದೆ ಇಡೀ ವಾರದ ಬೆವರು ಇರುತ್ತದೆ. ಹಟ್ಟಿಯಲ್ಲಿ ಎತ್ತು ಕಟ್ಟಿದ ಯಾರಿಗಾದರೂ ಅದು ತಿಳಿಯುವಂಥದ್ದು.

ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಓಟ ಮುಗಿದ ಮರುದಿನ ಬೆಳಗ್ಗೆ ಓಡಿದ ಕುದುರೆಯ ಬೆನ್ನೇರುವುದು ಅಪರೂಪ. ಕುದುರೆ ನೋಡಿಕೊಳ್ಳುವ ಸೈಸ್ ಹಗ್ಗ ಹಿಡಿದು ಅದನ್ನು ನಡೆಸುತ್ತಾನೆ. ಗಟ್ಟಿ ನೆಲದ ಮೇಲೆ ಸ್ವಲ್ಪ ದೂರ ಕುಕ್ಕುಲೋಟದಲ್ಲಿ ಓಡಿಸುವಾಗ ಟ್ರೇನರ್ ಕಣ್ಣು ಕುದುರೆಯ ತಲೆಯ ಮೇಲಿರುತ್ತದೆ. ಮುಂಗಾಲು ನೋಯುವ ಕುದುರೆ ಆ ಕಾಲನ್ನು ಊರುವಾಗ ತಲೆ ಮೇಲೆತ್ತುತ್ತದೆ. ಆಮೇಲೆ ಟ್ರೇನರ್ ಬಗ್ಗಿ, ಮೊಣಕಾಲಿನಿಂದ ಕೆಳಗೆ ಹಿಂಬದಿಯ ನರವನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ಒಂದು ಕಾಲಿಗಿಂತ ಇನ್ನೊಂದು ಬೆಚ್ಚಗಿದ್ದರೆ ಮುಗಿಯಿತು, ಮುಂದಿನ ಓಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. 450-500 ಕೆ.ಜಿ. ಮೈಯನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರುವ ಕಾಲು ಅದು. ದಪ್ಪ ನೋಡಿದರೆ ದುಡಿಯುವ ಗಂಡಸಿನ ಮುಂಗೈಯಷ್ಟು.

ಇನ್ನೊಂದು ಪರೀಕ್ಷೆ ಗೋದಲಿಯಲ್ಲಿ. ರಾತ್ರಿ ಹಾಕಿದ ಓಟ್ಸ್ ಪೂರ್ತಿ ತಿಂದಿದೆಯೇ, ಕುದುರೆಮಸಾಲೆ ಸೊಪ್ಪು ಹಾಗೇ ಉಳಿದಿದೆಯೇ? ಮೇವು ಬಿಟ್ಟಿದ್ದರೆ ದಣಿವು ಇಳಿದಿಲ್ಲ ಎಂದೇ ಲೆಕ್ಕ. ವೈದ್ಯರು ಬರುವ ಮೊದಲೇ ಗೋದಲಿ ಹೇಳಿಬಿಟ್ಟಿರುತ್ತದೆ.

ಲಾಳ ಬದಲಿಸುವುದು, ನಸುಕಿನ ಗ್ಯಾಲಪ್ಪು, ಯಾವ ಓಟಕ್ಕೆ ಹೆಸರು ಕೊಡುವುದು ಎಂಬುದೆಲ್ಲ ವಾರದ ನಡುವಿನ ಕೆಲಸ. ಹೆಸರು ಕೊಡುವಾಗ ತೂಕದ ಲೆಕ್ಕವೂ ಇದೆ. ಗೆಲ್ಲುತ್ತ ಹೋದ ಕುದುರೆಯ ರೇಟಿಂಗ್ ಏರುತ್ತದೆ, ಹ್ಯಾಂಡಿಕ್ಯಾಪ್ ಓಟದಲ್ಲಿ ಅದು ಉಳಿದವಕ್ಕಿಂತ ಹೆಚ್ಚು ಭಾರ ಹೊರಬೇಕು. ಜಾಕಿ ಹಗುರಾಗಿದ್ದರೆ ಜೀನಿಗೆ ಸೀಸದ ತುಂಡು ಸೇರಿಸಿ ತೂಕ ಸರಿದೂಗಿಸುತ್ತಾರೆ. ಗೆದ್ದದ್ದಕ್ಕೆ ಭಾರ ಹೊರಿಸುವ ಈ ಪದ್ಧತಿ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ನಮ್ಮ ರಾಜಕೀಯಕ್ಕೂ ಬಂದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲದರ ನಡುವೆ ಮಾಲೀಕರ ಫೋನು ಬರುತ್ತದೆ. ಈ ವಾರ ನಮ್ಮ ಕುದುರೆ ಓಡುತ್ತಾ? ತಿಂಗಳು ತಿಂಗಳು ಖರ್ಚು ಕೊಡುವವರು ಅವರು, ಕೇಳುವುದರಲ್ಲಿ ಅನ್ಯಾಯವಿಲ್ಲ. ಇಲ್ಲ ಸರ್, ಇನ್ನೆರಡು ವಾರ ಬೇಕು ಎನ್ನಲು ಟ್ರೇನರ್‌ಗೆ ಎದೆ ಗಟ್ಟಿ ಇರಬೇಕು. ಕುದುರೆ ರೇಸು ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆ ಕೌಶಲದ ಮುಕ್ಕಾಲು ಪಾಲು ಈ ‘ಇಲ್ಲ’ದಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಬೆಂಗಳೂರಿನ ಹೆಸರಾಂತ ಟ್ರೇನರ್ ರಶೀದ್ ಬೈರಾಮ್‌ಜಿ ಅವರ ಕೈಯಲ್ಲಿ ಪಳಗಿದ ಸ್ಕ್ವಾಂಡರರ್ 1970ರ ದಶಕದ ಕುದುರೆ, ಇಂದಿಗೂ ರೇಸ್ ಬಲ್ಲವರ ಬಾಯಲ್ಲಿದೆ. ಅದು ಜೀವಮಾನದಲ್ಲಿ ಓಡಿದ್ದು 19 ಓಟ, ಗೆದ್ದದ್ದು 18.

ಹಾಗೆಂದು ರೇಸ್ ಕೋರ್ಸೇನೂ ಪುಣ್ಯಕ್ಷೇತ್ರವಲ್ಲ. ಅಲ್ಲಿಯೂ ಕಾಲು ಮುರಿದ ಕುದುರೆಗೆ ಚುಚ್ಚುಮದ್ದೇ ಗತಿಯಾಗುತ್ತದೆ, ಓಟ ನಿಲ್ಲಿಸಿದ ಎಷ್ಟೋ ಕುದುರೆಗಳ ಕೊನೆಗಾಲ ಹೇಳುವಂತಿರುವುದಿಲ್ಲ. ಆದರೂ ಕುದುರೆಯ ಸ್ಥಿತಿಗೆ ಯಾರು ಹೊಣೆ ಎಂದು ಕೇಳಿದರೆ ಅಲ್ಲಿ ಲೈಸೆನ್ಸ್ ಇರುವ ಒಬ್ಬರ ಹೆಸರು ಅಚ್ಚಾಗಿರುತ್ತದೆ.

ನಮ್ಮದೇ ಜಿಲ್ಲೆಯ ಹೊನ್ನಾಳಿ, ನ್ಯಾಮತಿ ಕಡೆ ಹೋಗಿ ನೋಡಿ. ದೀಪಾವಳಿ ಪಾಡ್ಯದಿಂದ ಶುರುವಾದ ಹೋರಿ ಬೆದರಿಸುವ ಹಬ್ಬ ತಿಂಗಳುಗಟ್ಟಲೆ ಸಾಗುತ್ತದೆ. ಈ ಊರು ಮುಗಿಯಿತೆಂದರೆ ಆ ಊರು, ಅತ್ತ ಶಿಕಾರಿಪುರ, ಸೊರಬ, ಇತ್ತ ಹಾವೇರಿ ಸೀಮೆ. ಮೈಮೇಲೆ ಜೂಲ, ಕೋಡಿಗೆ ಬಲೂನು, ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಪಾರಾಗುವುದು ನೋಡಿದರೆ ಎಂಥವರ ಎದೆಯೂ ಝಲ್ಲೆನ್ನುತ್ತದೆ. ಹುರುಳಿ ಬೇಯಿಸಿ, ಹತ್ತಿಕಾಳು ರುಬ್ಬಿ, ಕೆರೆಯಲ್ಲಿ ಈಜಾಡಿಸಿ ಸಾಕುವ ಅವರೂ ಟ್ರೇನರುಗಳೇ. ಮನೆಮಂದಿಗಿಂತ ಮೊದಲು ಹೋರಿಗೆ ಉಣಿಸುವ ಮನೆಗಳಿವೆ. ಪ್ರೀತಿಗೆ ಕೊರತೆಯಿಲ್ಲ.

ಕೊರತೆ ಇರುವುದು ಬಿಡುವಿಗೆ. ಹೋರಿಗೆ ಹೆಸರು ಬಂದ ಮೇಲೆ ಅದು ಸಾಕಿದವನೊಬ್ಬನದಾಗಿ ಉಳಿಯುವುದಿಲ್ಲ. ಅಭಿಮಾನಿ ಬಳಗ ಹುಟ್ಟುತ್ತದೆ, ಟೀ ಶರ್ಟು ಅಚ್ಚಾಗುತ್ತದೆ, ಮೊಬೈಲಿನಲ್ಲಿ ವಿಡಿಯೊ ಹರಿದಾಡುತ್ತದೆ. ‘ಅಣ್ಣಾ, ಆ ಊರಾಗೆ ಬಹುಮಾನಕ್ಕೆ ಬೈಕ್ ಇಟ್ಟಾರೆ, ಗಾಡಿ ರೆಡಿ ಐತೆ’ ಎಂದು ಹುಡುಗರು ಬಾಗಿಲಿಗೆ ಬಂದು ನಿಂತರೆ, ‘ಈ ವಾರ ಬ್ಯಾಡ ಬಿಡ್ರಪ್ಪಾ, ಹಿಂಗಾಲು ಎಳೀತಾ ಐತೆ’ ಎನ್ನುವುದು ಸುಲಭವಲ್ಲ. ಹೇಳಿದರೆ ಹೋರಿ ಹೆದರಿತು ಎಂದು ಎದುರಾಳಿಯ ಕಡೆಯವರು ಆಡಿಕೊಳ್ಳುತ್ತಾರೆ. ಹೀಗಾಗಿ ಮೊನ್ನೆ ಓಡಿದ ಹೋರಿ ರಾತ್ರಿಯಿಡೀ ಮಿನಿ ಲಾರಿಯಲ್ಲಿ ನಿಂತೇ ಪ್ರಯಾಣ ಮಾಡಿ ಬೆಳಗ್ಗೆ ಮತ್ತೊಂದು ಅಖಾಡಕ್ಕೆ ಇಳಿಯುತ್ತದೆ. ಹೋರಿಯ ಕಾಲು ಸೋತರೆ ಎದುರಿಗೆ ಸಿಕ್ಕ ಮನುಷ್ಯನಿಗೂ ಅಪಾಯ. ಬೇಲಿ ಪಕ್ಕ ನಿಂತು ನೋಡುತ್ತಿದ್ದವರೇ ತಿವಿತಕ್ಕೆ ಸಿಕ್ಕ ಸುದ್ದಿ ನಾವೆಲ್ಲ ಓದಿದ್ದೇವೆ.

ಜಲ್ಲಿಕಟ್ಟು, ಗಾಡಿ ಓಟಗಳನ್ನು 2014ರಲ್ಲಿ ತಡೆದಿದ್ದ ಸುಪ್ರೀಂ ಕೋರ್ಟ್, ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯನ್ನು 2023ರ ಮೇ 18ರಂದು ಎತ್ತಿಹಿಡಿಯಿತು. ತಮಿಳುನಾಡು, ಮಹಾರಾಷ್ಟ್ರದ ಕಾಯ್ದೆಗಳೂ ಅದೇ ತೀರ್ಪಿನಲ್ಲಿ ಉಳಿದುಕೊಂಡವು. ರೈತರ ಆಟ ಉಳಿಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಯಾವ ವಾರ ಯಾವ ಹೋರಿ ಕೊಟ್ಟಿಗೆಯಲ್ಲೇ ಉಳಿಯಬೇಕು ಎಂಬುದನ್ನು ಕೋರ್ಟು ಹೇಳಲಾರದು. ಅದನ್ನು ಸಾಕಿದವರೇ ಹೇಳಬೇಕು.

ಆದ್ದರಿಂದ ಹೊನ್ನಾಳಿ, ನ್ಯಾಮತಿಯ ಹಬ್ಬದ ಸಮಿತಿಯವರಲ್ಲಿ ಒಂದು ವಿನಂತಿ. ಮುಂದಿನ ದೀಪಾವಳಿಗೆ ಮೊದಲೇ ಅಕ್ಕಪಕ್ಕದ ಊರಿನವರು ಒಟ್ಟಿಗೆ ಕೂತು ದಿನ ಹಂಚಿಕೊಳ್ಳಿ, ಒಂದೇ ವಾರದಲ್ಲಿ ಎರಡು ಕಡೆ ಇಡಬೇಡಿ. ಅಖಾಡಕ್ಕೆ ಬಿಡುವ ಮುಂಚೆ ಪ್ರತಿ ಹೋರಿಯನ್ನೂ ಪಶುವೈದ್ಯರ ಕಣ್ಣೆದುರು ನಾಲ್ಕು ಹೆಜ್ಜೆ ನಡೆಸಿ. ಕುಂಟಿದ್ದನ್ನು ವಾಪಸ್ ಕಳಿಸಿ, ಅದು ಎಷ್ಟು ದೊಡ್ಡ ಹೆಸರಿನ ಹೋರಿಯಾದರೂ ಸರಿ.