ಗೋಪುರ ಬಿದ್ದರೆ ಯಾರ ಪಾಪ?



ಪ್ರಭು ಯೇಸುಸ್ವಾಮಿಯ ಕಾಲದಲ್ಲಿ ಜೆರುಸಲೇಮಿನ ಸಿಲೋವಾಮಿನಲ್ಲಿ ಒಂದು ಗೋಪುರ ಕುಸಿದು 18 ಮಂದಿ ಸತ್ತರು. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಈ ಸುದ್ದಿ ಒಂದು ಸಾಲಿನಷ್ಟೇ ಬಂದುಹೋಗುತ್ತದೆ. ಸತ್ತವರ ಹೆಸರಿಲ್ಲ, ಗೋಪುರ ಏಕೆ ಬಿತ್ತೆಂಬ ವಿವರವಿಲ್ಲ. ಆದರೆ ಜನರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಸ್ವಾಮಿ ತಾವೇ ಬಾಯಿಗೆ ತರುತ್ತಾರೆ: ಅವರು ಊರಿನ ಉಳಿದವರೆಲ್ಲರಿಗಿಂತ ದೊಡ್ಡ ಪಾಪಿಗಳೋ? ಅಲ್ಲವೆಂದು ತಾವೇ ಉತ್ತರಿಸುತ್ತಾರೆ.

ಸ್ವಾಮಿ ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ಕ್ರೈಸ್ತರಾದ ನಾವು ಎಷ್ಟು ಬೇಗ ಮರೆತೆವು ಎಂಬುದಕ್ಕೆ ಇಂಗ್ಲೆಂಡಿನ ಹಳೆಯ ದೇವಾಲಯಗಳೇ ಸಾಕ್ಷಿ.

ಆ ದೇಶದ ದಕ್ಷಿಣ ಭಾಗದಲ್ಲಿ ವಿಂಚೆಸ್ಟರ್ ಎಂಬ ಪಟ್ಟಣವಿದೆ. ಅಲ್ಲಿನ ಪ್ರಧಾನಾಲಯ ಇಂದು ಆಂಗ್ಲಿಕನ್ ಸಭೆಯದು. 1079ರಲ್ಲಿ ಅದನ್ನು ಕಟ್ಟಲು ಆರಂಭಿಸಿದವರು ಮಾತ್ರ ಧರ್ಮಾಧ್ಯಕ್ಷ ವಾಕೆಲಿನ್. ಆಗ ಇಂಗ್ಲೆಂಡಿನ ಧರ್ಮಸಭೆ ರೋಮಿನೊಂದಿಗೆ ಒಂದಾಗಿತ್ತು. 1100ರ ಆಗಸ್ಟಿನಲ್ಲಿ ರಾಜ ವಿಲಿಯಂ ರೂಫಸ್ ಬೇಟೆಗೆ ಹೋದಾಗ ಬಾಣ ತಗಲಿ ಸತ್ತ. ಅವನ ಶವವನ್ನು ಈ ದೇವಾಲಯಕ್ಕೆ ತಂದು ನಡುಗೋಪುರದ ಕೆಳಗೆ ಹೂಳಿದರು. ರಾಜ ಒಳ್ಳೆಯವನೇನೂ ಆಗಿರಲಿಲ್ಲ. ಧರ್ಮಾಧ್ಯಕ್ಷರ ಪೀಠಗಳನ್ನು ಬೇಕೆಂದೇ ಖಾಲಿ ಬಿಟ್ಟು, ಅವುಗಳ ಆದಾಯವನ್ನು ತನ್ನ ಖಜಾನೆಗೆ ಹಾಕಿಕೊಂಡವನು. 1107ರಲ್ಲಿ ಆ ಗೋಪುರ ಕುಸಿದುಬಿತ್ತು. ಇನ್ನು ಕೇಳಬೇಕೇ! ಪಾಪಿಯನ್ನು ಪವಿತ್ರ ಸ್ಥಳದಲ್ಲಿ ಹೂಳಿದ್ದಕ್ಕೇ ಹೀಗಾಯಿತೆಂದು ಜನ ತೀರ್ಮಾನಿಸಿದರು.

ಆ ಕಾಲದ ಸನ್ಯಾಸಿ, ಇತಿಹಾಸಕಾರ, ಮಾಮ್ಸ್‌ಬರಿಯ ವಿಲಿಯಂ ಈ ಮಾತನ್ನು ಬರೆದಿಟ್ಟಿದ್ದಾರೆ. ಜೊತೆಗೆ, ಕಟ್ಟಡವೇ ಭದ್ರವಾಗಿರಲಿಲ್ಲ, ರಾಜನನ್ನು ಅಲ್ಲಿ ಹೂಳದಿದ್ದರೂ ಅದು ಬೀಳಬಹುದಿತ್ತು ಎಂದು ಮೆಲ್ಲಗೆ ಸೇರಿಸಿದ್ದಾರೆ. ಅವರು ದೇವಭಯವಿಲ್ಲದವರಲ್ಲ, ಮಠದಲ್ಲಿ ಬಾಳಿದವರು. ಮುಂದೆ ಸಂತ ತೋಮಸ್ ಅಕ್ವಿನಾಸರು ಇದನ್ನೇ ತತ್ವವಾಗಿ ಬಿಡಿಸಿ ಹೇಳಿದರು. ದೇವರು ಸೃಷ್ಟಿಗೆ ಅದರದೇ ಆದ ಕಾರಣಗಳನ್ನು ಕೊಟ್ಟಿದ್ದಾರೆ. ಕಲ್ಲು ತನ್ನ ಭಾರದಿಂದ ಬೀಳುತ್ತದೆ, ಪಾಯ ನೀರಿನಿಂದ ಕುಸಿಯುತ್ತದೆ. ಅದನ್ನು ಒಪ್ಪಿಕೊಂಡರೆ ದೇವರ ಮಹಿಮೆಗೆ ಕುಂದಿಲ್ಲ.

ಡಾರ್ಬಿಷೈರಿನ ಚೆಸ್ಟರ್‌ಫೀಲ್ಡ್ ಪಟ್ಟಣದಲ್ಲಿ ಇನ್ನೊಂದು ವಿಚಿತ್ರವಿದೆ. ಅಲ್ಲಿನ ದೇವಾಲಯದ ಶಿಖರ 228 ಅಡಿ ಎತ್ತರ. ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು, ತುದಿ ಒಂಬತ್ತು ಅಡಿಗಿಂತ ಹೆಚ್ಚು ಓರೆಯಾಗಿದೆ. ಒಣಗದ ಹಸಿಮರ, ಒಳಗೆ ಸಾಲದ ಅಡ್ಡತೊಲೆಗಳು, ಮೇಲೆ ಹೊದಿಸಿದ ಸೀಸದ ಭಾರ ಇದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ಊರಿನ ಕಥೆಗಳಲ್ಲಿ ಮಾತ್ರ ಅದು ಪಿಶಾಚಿಯ ಕೆಲಸ. ಅದಕ್ಕಿಂತ ಕೆಟ್ಟ ಕಥೆಯೊಂದಿದೆ: ಕನ್ಯೆಯೊಬ್ಬಳು ಅಲ್ಲಿ ಮದುವೆಯಾಗಲು ಬಂದಾಗ ಶಿಖರ ಆಶ್ಚರ್ಯದಿಂದ ತಿರುಗಿ ನೋಡಿತಂತೆ! ಬಡಗಿಯ ಲೋಪಕ್ಕೂ ಊರಿನ ಹೆಣ್ಣುಮಕ್ಕಳ ನಡತೆಯನ್ನೇ ಹೀಯಾಳಿಸಬೇಕೆ? ನಗೆಚಾಟಿಕೆಯಾದರೂ ನನಗೆ ನಗು ಬರುವುದಿಲ್ಲ.

ಏಕೆಂದರೆ ಇದೇ ಮಾತನ್ನು ನಾನು ಸಾವಿನ ಮನೆಗಳಲ್ಲಿ ಕೇಳಿದ್ದೇನೆ. ಮಗು ಅಂಗವಿಕಲವಾಗಿ ಹುಟ್ಟಿದರೆ ತಾಯಿಯನ್ನು ನೋಡುತ್ತಾರೆ. ಮದುವೆಯಾದ ವರ್ಷದಲ್ಲೇ ಗಂಡ ತೀರಿಕೊಂಡರೆ ಸೊಸೆಯ ಕಾಲ್ಗುಣವೆನ್ನುತ್ತಾರೆ. ಮಗ ಪ್ರಾಣ ಕಳೆದುಕೊಂಡ ಮನೆಯಲ್ಲಿ, ಶವ ಇನ್ನೂ ಅಂಗಳದಲ್ಲಿರುವಾಗಲೇ, ಈ ಮನೆಯಲ್ಲಿ ಸಂಜೆಯ ಜಪಸರ ನಿಂತು ಎಷ್ಟು ವರ್ಷವಾಯಿತೋ ಎಂದು ಪಿಸುಗುಟ್ಟುತ್ತಾರೆ. ಹೇಳಿದವರು ಮರುದಿನ ಮರೆಯುತ್ತಾರೆ. ಆ ತಾಯಿ ಮಾತ್ರ ಮರೆಯುವುದಿಲ್ಲ. ಅದನ್ನು ಸಾಯುವವರೆಗೂ ಹೊತ್ತುಕೊಂಡಿರುತ್ತಾಳೆ. ಇಂಥ ಮಾತು ಭಕ್ತಿಯಲ್ಲ. ಯೋಬನ ಗೆಳೆಯರನ್ನು ನೆನೆಯಿರಿ. ಏಳು ದಿನ ಅವನ ಜೊತೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಾಗ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

ಹಾಗಾದರೆ ಪಾಪಕ್ಕೆ ಫಲವೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಸಿಲೋವಾಮಿನ ಮಾತಿನ ಬೆನ್ನಿಗೇ ಸ್ವಾಮಿ ಪಶ್ಚಾತ್ತಾಪಕ್ಕೆ ಕರೆ ಕೊಡುತ್ತಾರೆ. ಆದರೆ ಆ ಕರೆ ಕೊಡುವುದು ಸತ್ತವರ ಮನೆಯವರಿಗಲ್ಲ, ಸುದ್ದಿ ಹೇಳುತ್ತ ನಿಂತಿದ್ದವರಿಗೆ. ಹುಟ್ಟುಕುರುಡನ ವಿಷಯದಲ್ಲೂ ಶಿಷ್ಯರು ಇದು ಯಾರ ಪಾಪವೆಂದು ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದರು. ಬಳಿಕ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ ತೊಳೆದುಕೊಳ್ಳಲು ಎಲ್ಲಿಗೆ ಕಳುಹಿಸಿದರು ಗೊತ್ತೇ? ಅದೇ ಸಿಲೋವಾಮಿನ ಕೊಳಕ್ಕೆ.

ಈಲಿ ಎಂಬ ಊರಿನಲ್ಲಿ 1322ರ ಫೆಬ್ರವರಿಯ ಒಂದು ರಾತ್ರಿ ಬೆನೆಡಿಕ್ಟರ ಸಭೆಯ ಸನ್ಯಾಸಿಗಳ ದೇವಾಲಯದ ನಡುಗೋಪುರ ಕುಸಿಯಿತು. ಕಟ್ಟಡದ ಹೊಣೆ ಹೊತ್ತಿದ್ದವರು ವಾಲ್ಸಿಂಗ್‌ಹ್ಯಾಮಿನ ಆಲನ್ ಎಂಬ ಸನ್ಯಾಸಿ. ದಿಕ್ಕು ತೋಚದೆ ಕಂಗೆಟ್ಟರಂತೆ. ಆಮೇಲೆ ಧೈರ್ಯ ತಂದುಕೊಂಡು ಮೊದಲು ಕಲ್ಲು ಮರಗಳ ರಾಶಿಯನ್ನು ತೆಗೆಸಿದರು. ಗಟ್ಟಿ ನೆಲ ಹುಡುಕಿ ಪಾಯ ತೋಡಿಸಿದರು. ಬಿದ್ದ ನಾಲ್ಕು ಕಂಬಗಳ ಜಾಗದಲ್ಲಿ ಮತ್ತೆ ನಾಲ್ಕನ್ನೇ ನಿಲ್ಲಿಸದೆ, ಕುಸಿತದಿಂದಾದ ಬಯಲನ್ನು ಹಾಗೆಯೇ ಅಗಲವಾಗಿ ಉಳಿಸಿಕೊಂಡು, ಎಂಟು ಕಂಬಗಳ ಮೇಲೆ ಮರದ ದೀಪಗೋಪುರ ಏರಿಸಿದರು. ಅದರ ಮೂಲೆಗಳಿಗೆ 63 ಅಡಿ ಉದ್ದದ ಎಂಟು ಓಕ್ ತೊಲೆಗಳು. ಹಿಂದೆ ಗೋಪುರದ ಭಾರ ಕತ್ತಲು ಕವಿಸಿದ್ದ ಜಾಗಕ್ಕೆ ಈಗ ಮೇಲಿನ ಕಿಟಕಿಗಳಿಂದ ಬೆಳಕು ಇಳಿಯುತ್ತದೆ.

ಮತ್ತೆ ವಿಂಚೆಸ್ಟರಿಗೆ ಬರೋಣ. 1905ರ ಹೊತ್ತಿಗೆ ಅಲ್ಲಿನ ಪ್ರಧಾನಾಲಯದ ಪೂರ್ವಭಾಗದ ಗೋಡೆಗಳು ಬಿರಿದು ವಾಲತೊಡಗಿದ್ದವು. ಅಗೆದು ನೋಡಿದರೆ, ಹಿಂದಿನವರು ಜೌಗುನೆಲದ ಮೇಲೆ ಬೀಚ್ ಮರದ ದಿಮ್ಮಿಗಳನ್ನು ಹಾಸಿ ಅದರ ಮೇಲೆ ಗೋಡೆ ಎಬ್ಬಿಸಿದ್ದರು. ಕೆಳಗೆ ಕಪ್ಪು ಮೆದುಮಣ್ಣು, ತೋಡಿದಲ್ಲೆಲ್ಲ ನೀರು. ನೀರು ಹೊರಹಾಕಿದರೆ ಕಟ್ಟಡವೇ ಕೂರುವ ಭಯ. ಆಗ ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಒಬ್ಬ ಮುಳುಗುಗಾರನನ್ನು ಕರೆಸಿದರು. ಹೆಸರು ವಿಲಿಯಂ ವಾಕರ್. 1906ರಿಂದ 1911ರವರೆಗೆ ಆತ ದಿನಕ್ಕೆ ಆರು ತಾಸು, ಸುಮಾರು 20 ಅಡಿ ಆಳದವರೆಗಿನ ಆ ನೀರಿನಲ್ಲಿ ಕೆಲಸ ಮಾಡಿದ. ನೀರು ಎಷ್ಟು ಕದಡಿತ್ತೆಂದರೆ ಏನೂ ಕಾಣುತ್ತಿರಲಿಲ್ಲ. ಕೈಯಿಂದ ತಡವಿಕೊಂಡೇ ಮೆದುಮಣ್ಣು ತೋಡಿ, ಕಾಂಕ್ರೀಟಿನ ಚೀಲಗಳನ್ನು ಜೋಡಿಸಬೇಕು. ಸುಮಾರು 25,800 ಚೀಲಗಳು! ಸುತ್ತ ಶತಮಾನಗಳ ಸಮಾಧಿಗಳ ನೆಲ ಬೇರೆ. ತಪ್ಪು ಯಾರದೆಂದು ಮೇಲೆ ನಿಂತು ಚರ್ಚಿಸಿದ್ದರೆ ಒಂದು ಇಟ್ಟಿಗೆಯೂ ನಿಲ್ಲುತ್ತಿರಲಿಲ್ಲ. ಯಾರಾದರೊಬ್ಬರು ಇಳಿಯಬೇಕಿತ್ತು.

ಸ್ವಾಮಿ ಪಾತಾಳಕ್ಕಿಳಿದರೆಂದು ವಿಶ್ವಾಸ ಪ್ರಮಾಣದಲ್ಲಿ ಹೇಳುವಾಗ ನನಗೆ ಕೆಲವೊಮ್ಮೆ ಆ ಕತ್ತಲ ನೀರು ನೆನಪಾಗುತ್ತದೆ. ಮೇಲಿನಿಂದ ಕಾರಣ ವಿಚಾರಿಸುವ ದೇವರಲ್ಲ ನಮ್ಮ ದೇವರು.

1912ರಲ್ಲಿ ಕೃತಜ್ಞತಾ ಆರಾಧನೆ ನಡೆಯಿತು, ರಾಜ ಐದನೆಯ ಜಾರ್ಜ್ ಬಂದಿದ್ದ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ವಾಕರ್ ತೀರಿಕೊಂಡ. 1964ರಲ್ಲಿ ಅವನ ನೆನಪಿಗೆಂದು ಪ್ರಧಾನಾಲಯದಲ್ಲಿ ಪುಟ್ಟ ಪ್ರತಿಮೆ ಇಟ್ಟರು. ಆದರೆ ಶಿಲ್ಪಿಗೆ ಸಿಕ್ಕ ಚಿತ್ರದಲ್ಲಿ ಗುರುತು ತಪ್ಪಿ, ಮುಳುಗುಗಾರನ ಉಡುಪಿಗೆ ಇಂಜಿನಿಯರ್ ಫಾಕ್ಸ್ ಅವರ ಮುಖ ಬಂತು. ವಾಕರನದೇ ಮುಖವುಳ್ಳ ಪ್ರತಿಮೆ ಅಲ್ಲಿಗೆ ಬಂದದ್ದು 2001ರಲ್ಲಿ.