ಊಳಿಗವೂ ಕಾಯಕವೂ

ಸದ್ಭಕ್ತರಾದ ಗೃಹಸ್ಥರು ಮಠಕ್ಕೆ ಬಂದಾಗ ಈಚೆಗೆ ಪದೇ ಪದೇ ಕೇಳುತ್ತಿರುವ ಪ್ರಶ್ನೆಯೊಂದುಂಟು. ಮಗನು ವಿದ್ಯಾವಂತನಾಗಿ ದೊಡ್ಡದೊಂದು ಸಂಸ್ಥೆಯಲ್ಲಿ ನೌಕರಿಗೆ ಸೇರಿದ್ದಾನೆ. ಅಲ್ಲಿಯೇ ನೆಲೆಯೂರಿ ನಿವೃತ್ತಿಯ ತನಕ ದುಡಿಯಲೆಂಬುದು ತಂದೆಯ ಇಚ್ಛೆ. ಮೂರು ವರ್ಷಕ್ಕೊಮ್ಮೆ ಬಾಗಿಲು ಬದಲಿಸಿದರಲ್ಲದೆ ಸಂಬಳ ಏರದೆಂಬುದು ಮಗನ ಸ್ನೇಹಿತರ ಬೋಧೆ. ಅನ್ನವಿಕ್ಕಿದ ಮನೆಯನ್ನು ತೊರೆಯುವುದು ನಿಷ್ಠೆಗೆ ಕುಂದಲ್ಲವೇ ಎಂದು ಒಬ್ಬರು ಕೇಳಿದರೆ, ಒಂದೇ ಧಣಿಯನ್ನು ನಂಬಿ ಮೂವತ್ತು ವರ್ಷ ಕೂರುವುದು ಅವಿವೇಕವಲ್ಲವೇ ಎಂದು ಮತ್ತೊಬ್ಬರು ಕೇಳುತ್ತಾರೆ. ಹನ್ನೆರಡನೆಯ ಶತಮಾನದ ಶರಣರಿಗೂ ಇಂದಿನ ಕಂಪನಿಯ ನೌಕರಿಗೂ ಏನು ಸಂಬಂಧವೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಸಂಬಂಧವು ಬಹಳ ಹತ್ತಿರದ್ದೇ ಆಗಿದೆ.

ತಳಕು ಹೋಬಳಿಯ ಕಡೆಯ ಮನೆಗಳಲ್ಲಿ ಈ ಪ್ರಶ್ನೆಗೆ ಇರುವ ಭಾರವು ನೀರಾವರಿಯ ನಾಡಿನಲ್ಲಿರಲಾರದು. ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಶೇಂಗಾ ಬಿತ್ತಿದವನು ಆಕಾಶವನ್ನು ನೋಡುತ್ತ ಕೂರಬೇಕು. ಎಣ್ಣೆಯ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯಲ್ಲಿಯೂ ಗಿರಣಿ ತಿರುಗುವುದು ಶೇಂಗಾ ಬಂದರೆ ಮಾತ್ರ. ಕಂಬಳಿ ನೇಯುವವನಿಗೂ, ಮೊಳಕಾಲ್ಮೂರಿನ ಮಗ್ಗದಲ್ಲಿ ರೇಷ್ಮೆ ನೇಯುವವನಿಗೂ ಇಂದಿನ ಕೂಲಿ ಇಂದಿಗೆ ಸಾಲದು. ಈಚಿನ ವರ್ಷಗಳಲ್ಲಿ ಕುದಾಪುರದ ಸುತ್ತಣ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ, 2017ರಲ್ಲಿ ಉದ್ಘಾಟನೆಗೊಂಡ ರಕ್ಷಣಾ ಸಂಶೋಧನೆಯ ವಿಮಾನ ಪರೀಕ್ಷಾ ಕ್ಷೇತ್ರವೂ ತಲೆಯೆತ್ತಿವೆ. ದನಕುರಿ ಮೇಯುತ್ತಿದ್ದ ಹುಲ್ಲುಗಾವಲು ಬೇಲಿಯೊಳಗೆ ಸೇರಿದ ನೋವು ಒಂದು ಕಡೆ. ತಮ್ಮ ಮಕ್ಕಳಿಗೂ ಆ ಬೇಲಿಯೊಳಗೆ ಒಂದು ಸ್ಥಿರವಾದ ಕೆಲಸ ದೊರೆತೀತೆಂಬ ಆಸೆ ಇನ್ನೊಂದು ಕಡೆ. ಇಂತಹ ನೆಲದಲ್ಲಿ ಹೆತ್ತವರಿಗೆ ಮಗನ ನೌಕರಿಯೆಂದರೆ ಬತ್ತದ ಬಾವಿ. ಅವರ ಮುಂದೆ ಕುಳಿತು, ಸಂಬಳವೆಂಬುದು ಮಾಯೆ, ಅದಕ್ಕೆ ಅಂಟಿಕೊಳ್ಳಬೇಡಿರೆಂದು ಉಪದೇಶಿಸುವುದು ಸುಲಭ. ಆದರೆ ಅದು ಹಸಿದವನ ಮುಂದೆ ಉಪವಾಸದ ಮಹಿಮೆಯನ್ನು ಕೊಂಡಾಡಿದಂತೆ. ನಾವು ಆ ದಾರಿಯನ್ನು ಹಿಡಿಯುವುದಿಲ್ಲ.

ಅಣ್ಣ ಬಸವಣ್ಣನವರನ್ನೇ ನೋಡೋಣ. ಅವರನ್ನು ನಾವು ಧರ್ಮಗುರುವೆಂದು ಪೂಜಿಸುತ್ತೇವೆ. ಅವರು ಸಂಬಳದ ನೌಕರರಾಗಿದ್ದರೆಂಬುದನ್ನು ಮಾತ್ರ ಮರೆಯುತ್ತೇವೆ. ಮಂಗಳವೇಡೆಯಲ್ಲಿ ಲೆಕ್ಕ ಬರೆಯುವ ಕರಣಿಕರ ಸಾಲಿನಲ್ಲಿ ಸೇರಿ, ಲೆಕ್ಕದ ತಪ್ಪೊಂದನ್ನು ಕಂಡುಹಿಡಿದು, ಕ್ರಮೇಣ ಬಿಜ್ಜಳನ ಭಂಡಾರಿಯಾದರೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಕಾಲದ ಕಲ್ಯಾಣದಲ್ಲಿ ಅರಸನಿಗಿಂತ ದೊಡ್ಡ ಉದ್ಯೋಗದಾತನು ಯಾರಿದ್ದಾನು? ಅಣ್ಣನವರು ಅಲ್ಲಿ ಒಂದೆರಡು ವರ್ಷವಿದ್ದು ಹೊರಟವರಲ್ಲ, ಬಾಳಿನ ಬಹುಭಾಗವನ್ನು ಅದೇ ಭಂಡಾರದಲ್ಲಿ ಕಳೆದರು. ಭವಿಯ ಸೇವೆ ಮಾಡುತ್ತಾನೆಂದು ಆಡಿಕೊಂಡವರು ಅಂದೂ ಇದ್ದರು. ಅದಕ್ಕೆ ಅವರಿತ್ತ ಉತ್ತರದ ತಾತ್ಪರ್ಯವು ವಚನಗಳಲ್ಲಿ ಉಳಿದಿದೆ: ಒಡಲ ಆಸೆಯಿಂದಾಗಲಿ ಅರಸನ ಅಂಜಿಕೆಯಿಂದಾಗಲಿ ತಾವು ಈ ಊಳಿಗದಲ್ಲಿಲ್ಲ, ಜಂಗಮದಾಸೋಹ ನಡೆಯಬೇಕು, ಅದಕ್ಕಾಗಿ ಇದ್ದೇವೆ, ಎಂಬುದು ಅದರ ಹುರುಳು. ಭಂಡಾರದ ಹಣವು ಜಂಗಮರಿಗೆ ಸೋರಿಹೋಗುತ್ತಿದೆಯೆಂದು ಚಾಡಿ ಹೇಳಿದವರ ಮಾತಿನಂತೆ ಬಿಜ್ಜಳನು ಲೆಕ್ಕ ತೆಗೆಸಿದಾಗ ಒಂದು ಹಾಗವೂ ಕಡಿಮೆಯಿರಲಿಲ್ಲವೆಂಬ ಕಥೆಯನ್ನು ಬಸವಪುರಾಣವು ಹೇಳುತ್ತದೆ. ಪವಾಡವೆಂದು ನಂಬುವವರು ನಂಬಲಿ. ಧಣಿಯ ಲೆಕ್ಕವು ಧಣಿಗೆ ಚೊಕ್ಕವಾಗಿತ್ತು, ತನ್ನ ಪಾಲು ದಾಸೋಹಕ್ಕೆ ಚೊಕ್ಕವಾಗಿತ್ತು ಎಂಬುದೇ ನಮಗೆ ಅದರೊಳಗಿನ ತಿರುಳು.

ಇನ್ನು ಅವರು ಹೊರಟ ಬಗೆಯನ್ನು ಗಮನಿಸಬೇಕು. ಹರಳಯ್ಯ ಮಧುವರಸರ ಮನೆಗಳ ವಿವಾಹಸಂಬಂಧವು ಕಲ್ಯಾಣವನ್ನು ಕಲಕಿದಾಗ, ಅರಸನ ಆಜ್ಞೆಯೂ ಶರಣಧರ್ಮವೂ ಎದುರುಬದುರಾದವು. ಆಗ ಭಂಡಾರದ ಬೀಗದ ಕೈಯನ್ನು ಹಿಡಿದುಕೊಂಡು ಇನ್ನಷ್ಟು ಕಾಲ ನೋಡೋಣವೆಂದು ಅಣ್ಣನವರು ಕೂರಲಿಲ್ಲ. ಕೂಡಲಸಂಗಮದ ದಾರಿ ಹಿಡಿದರು. ಹೆಚ್ಚಿನ ಸಂಬಳಕ್ಕಾಗಿ ಬಿಡಲಿಲ್ಲ, ಬೇಸರಕ್ಕೂ ಬಿಡಲಿಲ್ಲ. ಅಷ್ಟು ವರ್ಷದ ಪದವಿಯು ಅಂದು ಕಾಲಿಗೆ ಸಂಕೋಲೆಯಾಗಲಿಲ್ಲವೆಂಬುದೇ ಇಲ್ಲಿ ದೊಡ್ಡದು. ದೀರ್ಘಕಾಲದ ಊಳಿಗವು ತಪ್ಪೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾವು ಕಾಣೆವು. ಇರುವುದು ತಪ್ಪಲ್ಲ. ಬಿಡಲಾರದಂತೆ ಇರುವುದು ಅಪಾಯ.

ಹಾಗಾದರೆ ಆಗಾಗ ಬಿಟ್ಟು ಬಿಟ್ಟು ಹೋಗುವವನೇ ಸ್ವತಂತ್ರನೇ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಮನೆಗೆ ಹೋಗಬೇಕು. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಆ ತಾಯಿ ಒಲೆ ಹೊತ್ತಿಸಲಿಲ್ಲ. ಈ ಹೆಚ್ಚಿನ ಅಕ್ಕಿ ಯಾವ ಆಸೆಯಿಂದ ಬಂದಿತೆಂದು ಕೇಳಿ, ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದರು. ಬಡವರ ಮನೆಯಲ್ಲಿ ಬಂದ ಅಕ್ಕಿಯನ್ನು ಹಿಂದಿರುಗಿಸುವ ಆ ಧೈರ್ಯ ನಮಗೆಲ್ಲಿ ಬರಬೇಕು! ನೌಕರಿ ಬದಲಿಸಲು ಹೊರಟ ಯುವಕನಿಗೆ ಲಕ್ಕಮ್ಮನವರ ಪ್ರಶ್ನೆಯೇ ಸಾಕು. ತಂದೆಯ ಔಷಧದ ಖರ್ಚಿಗೋ, ತಂಗಿಯ ವಿದ್ಯಾಭ್ಯಾಸಕ್ಕೋ, ಕೈಯ ಕುಶಲವು ಬೆಳೆಯಲೆಂದೋ ಹೋಗುವವನು ಅವಶ್ಯವಾಗಿ ಹೋಗಲಿ. ಅವನನ್ನು ದ್ರೋಹಿಯೆನ್ನುವವರು ಶರಣಮಾರ್ಗವನ್ನು ಬಲ್ಲವರಲ್ಲ. ಗೆಳೆಯನ ಸಂಬಳವು ತನ್ನದಕ್ಕಿಂತ ಎರಡು ಸಾವಿರ ಹೆಚ್ಚಾಯಿತೆಂಬ ಸಂಕಟಕ್ಕೆ ಹೋಗುವವನು ಮುಂದಿನ ಬಾಗಿಲಿನಲ್ಲಿಯೂ ಅದೇ ಸಂಕಟವನ್ನು ಹೊತ್ತು ನಿಲ್ಲುವನು.

ಒಂದು ಭೇದವನ್ನು ಮುಚ್ಚಿಡಬಾರದು. ನುಲಿಯ ಚಂದಯ್ಯನವರ ಹಗ್ಗ ಅವರದೇ, ಮಡಿವಾಳ ಮಾಚಯ್ಯನವರ ಮಡಿಯ ಗಂಟು ಅವರದೇ. ಇಂದಿನ ನೌಕರನಿಗೆ ಯಂತ್ರ ತನ್ನದಲ್ಲ, ಕುಳಿತ ಕುರ್ಚಿ ತನ್ನದಲ್ಲ, ಎಷ್ಟೋ ವೇಳೆ ವಾಸದ ಮನೆಯೂ ತನ್ನದಲ್ಲ. ಆದಕಾರಣ ಕಾಯಕವೆಂಬ ಶಬ್ದವನ್ನು ಎಲ್ಲ ನೌಕರಿಗೂ ಸುಮ್ಮನೆ ಅಂಟಿಸಿ, ಧಣಿ ಹೇಳಿದಂತೆ ದುಡಿಯುವುದೇ ಕೈಲಾಸವೆಂದು ಹೇಳುವ ಭಾಷಣಗಳನ್ನು ನಾವು ಒಪ್ಪುವುದಿಲ್ಲ. ಅಂತಹ ಭಾಷಣವನ್ನು ಹೆಚ್ಚಾಗಿ ಧಣಿಗಳೇ ಮಾಡುವುದನ್ನು ನೀವೂ ಕೇಳಿದ್ದೀರಿ.

ಧಣಿಯೂ ಅಮರನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1918ರಲ್ಲಿ ಆರಂಭಗೊಂಡು 1923ರಲ್ಲಿ ಉತ್ಪಾದನೆಗೆ ತೊಡಗಿತು, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಆ ಸಂಸ್ಥೆಯನ್ನೇ ನಂಬಿ ಊರಿಗೆ ಊರೇ ಬೆಳೆಯಿತು. ತಾತ, ಮಗ, ಮೊಮ್ಮಗ ಒಂದೇ ಬಾಗಿಲಿನಲ್ಲಿ ದುಡಿದ ಮನೆಗಳು ಅಲ್ಲಿವೆ. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆಯ ಕಾರ್ಮಿಕರು ಬೀದಿಗೆ ಬಂದು ಕುಳಿತುದನ್ನು ನಾಡೆಲ್ಲ ಕಂಡಿದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ.ಯು 1961ರಿಂದ ಕೈಗಡಿಯಾರ ಮಾಡತೊಡಗಿ ಮದುವೆಯ ಗಂಡುಗಳ ಮುಂಗೈಯನ್ನೆಲ್ಲ ಅಲಂಕರಿಸಿತು. ಅದರ ಗಡಿಯಾರದ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತಿತು. ಆದರೆ ಎಚ್.ಎಂ.ಟಿ.ಯಲ್ಲಿ ಲೋಹವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೊರೆಯಲು ಕಲಿತ ಅನೇಕರು ಬೆಂಗಳೂರಿನಲ್ಲಿ ಸ್ವಂತದ ಸಣ್ಣ ಕಾರ್ಯಾಗಾರಗಳನ್ನು ತೆರೆದು ಹತ್ತಾರು ಜನಕ್ಕೆ ಅನ್ನವಿತ್ತರು. ಬಾಗಿಲು ಹಾಕಿಕೊಂಡರೂ ಕೈಯಲ್ಲಿ ಕುಶಲ ಉಳಿದಿತ್ತು. ದೊಡ್ಡ ಸಂಸ್ಥೆಯಲ್ಲಿ ಹತ್ತು ವರ್ಷವಿದ್ದವನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇದೇ: ಈ ಬಾಗಿಲಿನ ಆಚೆಗೂ ಬಾಳುವಂತಹ ವಿದ್ಯೆಯೇನಾದರೂ ಕೈಗೆ ಬಂದಿತೆ, ಅಥವಾ ಯಾವ ಕಡತಕ್ಕೆ ಯಾರ ಸಹಿ ಬೇಕೆಂಬುದು ಮಾತ್ರ ತಿಳಿಯಿತೆ?

ದೂರದ ಭದ್ರಾವತಿಯೇ ಏಕೆ, ತಳಕಿನ ಒಂದೇ ಮನೆತನದಲ್ಲಿ ಎರಡು ಬಗೆಯ ಬಾಳುಗಳಿವೆ. ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯವೆಂಬ ಒಂದು ಸಂಸ್ಥೆಯಲ್ಲಿ ನೆಲೆನಿಂತು ಕನ್ನಡದ ಪ್ರಾಧ್ಯಾಪಕರಾಗಿ ಒಂದು ತಲೆಮಾರಿನ ವಿದ್ವಾಂಸರನ್ನು ತಿದ್ದಿದರು. ಶಿಷ್ಯರಾದ ಕುವೆಂಪುರವರು ತಮ್ಮ ರಾಮಾಯಣದರ್ಶನವನ್ನು ಅವರಿಗೇ ಅರ್ಪಿಸಿದರು. ಅದೇ ಮನೆತನದ ತ. ರಾ. ಸುಬ್ಬರಾಯರು ಹಲವು ಪತ್ರಿಕೆಗಳ ಬಾಗಿಲನ್ನು ಹೊಕ್ಕು ಹೊರಬಂದು, ಲೇಖನಿಯೊಂದನ್ನೇ ನಂಬಿ ಚಿತ್ರದುರ್ಗದ ಚರಿತ್ರೆಯನ್ನು ಕಾದಂಬರಿಗಳಲ್ಲಿ ಕಟ್ಟಿಕೊಟ್ಟರು. ಇಬ್ಬರಲ್ಲಿ ಯಾರು ನಿಷ್ಠರು, ಯಾರು ಚಂಚಲರು? ಒಬ್ಬರು ಸಂಸ್ಥೆಯನ್ನು ಬಿಡಲಿಲ್ಲ, ಇನ್ನೊಬ್ಬರಿಗೆ ಸಂಸ್ಥೆ ನಿಲ್ಲಲಿಲ್ಲ. ಇಬ್ಬರೂ ಕನ್ನಡವನ್ನು ಬಿಡಲಿಲ್ಲ.

ನೆರೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತನ್ನು ಫಾಲ್ಗುಣದ ಜಾತ್ರೆಗೆ ಹೋಗುವ ನಮಗೆ ನೆನಪಿಸಬೇಕಾಗಿಲ್ಲ. ಕೆರೆ ಕಟ್ಟಿದ ಕೂಲಿಕಾರರಿಗೆ ಮರಳಿನ ಗುಡ್ಡೆಯಲ್ಲಿ ಕೈಯಿಡಿಸಿ, ದುಡಿದವನಿಗೆ ದುಡಿದಷ್ಟೇ ನಾಣ್ಯ ಬರುವಂತೆ ಮಾಡಿದರೆಂಬುದು ಐತಿಹ್ಯ. ಈ ಕಥೆಯನ್ನು ಕೂಲಿಯವನಿಗೆ ಮಾತ್ರ ಹೇಳುವುದು ರೂಢಿಯಾಗಿದೆ, ಧಣಿಗೂ ಹೇಳಬೇಕು. ಹತ್ತು ವರ್ಷ ಅದೇ ಕೆಲಸವನ್ನು ಮಾಡಿಸಿಕೊಂಡು ಗುತ್ತಿಗೆಯವನೆಂದೇ ಕರೆಯುವ ಸಂಸ್ಥೆಗೆ ನಿಷ್ಠೆಯನ್ನು ಬೇಡುವ ಹಕ್ಕಿಲ್ಲ. ಅಂತಹ ಬಾಗಿಲನ್ನು ಬಿಡುವವನಿಗೆ ಯಾವ ದೋಷವೂ ತಟ್ಟದೆಂದು ನಿಸ್ಸಂಶಯವಾಗಿ ಹೇಳುತ್ತೇವೆ.

ಗೃಹಸ್ಥರಿಗೆ ಲೌಕಿಕದ ಎರಡು ಮಾತು. ಪಿಂಚಣಿ ತಪ್ಪೀತೆಂಬ ಭಯದಿಂದಲೇ ಒಂದೆಡೆ ಕುಳಿತವರು ಬಹಳ ಮಂದಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ಬೇಕೆಂಬುದು ನಿಜ. ಆದರೆ ಆ ಹತ್ತು ವರ್ಷ ಒಂದೇ ಧಣಿಯಲ್ಲಿ ಆಗಬೇಕೆಂದಿಲ್ಲ, ಭವಿಷ್ಯನಿಧಿಯ ಖಾತೆಯನ್ನು ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಕೂಡುತ್ತದೆ. ನಡುವೆ ಹಣವನ್ನು ತೆಗೆದು ಖರ್ಚುಮಾಡಿದವನು ಮಾತ್ರ ಕಳೆದುಕೊಳ್ಳುವನು. ಇನ್ನೊಂದು, ಮಗನಿಗೆ ಸ್ಥಿರನೌಕರಿ ಸಿಕ್ಕಿತೆಂದು ಊರಿನ ಎರಡೆಕರೆ ಹೊಲವನ್ನು ಮಾರಿ ನಗರದಲ್ಲಿ ಇಪ್ಪತ್ತು ವರ್ಷದ ಸಾಲಕ್ಕೆ ಮನೆ ಕೊಳ್ಳುವ ಆತುರ. ಆ ಸಾಲವು ತೀರುವ ತನಕ ಆ ಹುಡುಗನು ಅನ್ಯಾಯದ ಮುಂದೆ ಒಲ್ಲೆನೆಂದು ಹೇಳಲಾರ. ಅಣ್ಣನವರಂತೆ ಬೀಗದ ಕೈಯನ್ನು ಇಟ್ಟು ಹೊರಡಲಾರ. ಹೊಲವನ್ನು ಉಳಿಸಿರಿ, ಮಳೆಯಿಲ್ಲದ ಹೊಲವಾದರೂ ಸರಿಯೆ. ಸಂಬಳದ ಮೊದಲ ತಿಂಗಳಿನಿಂದಲೇ ದಾಸೋಹದ ಪಾಲನ್ನು ಬೇರೆ ತೆಗೆದಿಡುವ ಅಭ್ಯಾಸವನ್ನು ಮಗನಿಗೆ ಹೇಳಿಕೊಡಿರಿ. ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದವರು ಜಾತ್ರೆಗೆ ಊರಿಗೆ ಬಂದಾಗ, ಎಷ್ಟು ಸಂಬಳವೆಂದು ಕೇಳುವ ಮೊದಲು, ಅಲ್ಲಿ ಏನು ಕಲಿಯುತ್ತಿರುವೆ, ಯಾರಿಗೆ ಉಪಯೋಗವಾಗುತ್ತಿರುವೆ ಎಂದು ಹಿರಿಯರು ಕೇಳಬೇಕೆಂದು ನಮ್ಮ ಅಪೇಕ್ಷೆ.